ಹ್ಯಾಪಿವೇಲ್: ಬಾಲ ಗುರುತಿಸಿಕೊಡುತ್ತದೆ, ಲೆಕ್ಕ ನೀವೇ ಮಾಡಬೇಕು

2015ರಲ್ಲಿ ಶುರುವಾದ ಈ ಉಚಿತ ಜಾಲತಾಣ ಫೋಟೊ ನೋಡಿ ಒಂದೊಂದು ತಿಮಿಂಗಿಲವನ್ನೂ ಗುರುತಿಸುತ್ತದೆ; ಹಂಪ್‌ಬ್ಯಾಕ್ ತಿಮಿಂಗಿಲಗಳ ಮಟ್ಟಿಗೆ ಸದ್ಯಕ್ಕೆ ಅತ್ಯುತ್ತಮ. ಫೋಟೊ, ದಿನಾಂಕ, ಜಾಗ ಕೊಟ್ಟರೆ ಬಾಲದ ಅಡಿಭಾಗದ ಕಪ್ಪು-ಬಿಳುಪು ವಿನ್ಯಾಸ ಮತ್ತು ಅಂಚಿನ ಕಚ್ಚುಗಳನ್ನು ಹಳೆಯ ಚಿತ್ರಗಳ ಜೊತೆ ತಾಳೆ ನೋಡುತ್ತದೆ. ಫೋಟೊ ಹಿಂದಿನಿಂದ, ನೇರವಾಗಿ ತೆಗೆದದ್ದಾಗಿರಬೇಕು. ವಾಟ್ಸಾಪ್‌ನಲ್ಲಿ ಬಂದ ಪ್ರತಿ ಬೇಡ. ಅದರಲ್ಲಿ ಸಮಯದ ಮಾಹಿತಿಯೂ ಉಳಿದಿರುವುದಿಲ್ಲ.

ಸಂಖ್ಯೆ ಅಂದಾಜಿಗೆ ಬಳಸುವವರು ಮಾತ್ರ ಎಚ್ಚರದಿಂದಿರಬೇಕು. ಮೊದಲ ಋತುವಿನಲ್ಲಿ 120, ಎರಡನೆಯದರಲ್ಲಿ 100 ತಿಮಿಂಗಿಲ ಗುರುತಾಗಿ, 40 ಎರಡರಲ್ಲೂ ಸಿಕ್ಕವು ಎನ್ನಿ. ಮತ್ತೆ ಸಿಕ್ಕವುಗಳ ಪ್ರಮಾಣದಿಂದ ಒಟ್ಟು ಸಂಖ್ಯೆ ಅಂದಾಜಿಸುವ ಚಾಪ್‌ಮನ್ ಸೂತ್ರದಲ್ಲಿ 121 × 101 ÷ 41 − 1, ಅಂದರೆ ಸುಮಾರು 297. ಮಸುಕು ಚಿತ್ರಗಳಿಂದ 8 ಹೊಂದಿಕೆ (ಅದೇ ತಿಮಿಂಗಿಲ ಎಂಬ ಗುರುತು) ತಪ್ಪಿಹೋಗಿ 40ರ ಬದಲು 32 ಉಳಿದರೆ ಉತ್ತರ 369ಕ್ಕೆ ಜಿಗಿಯುತ್ತದೆ! ಹಾಗಾಗಿ ಕಳಪೆ ಚಿತ್ರಗಳನ್ನು ಹೊಂದಿಕೆ ನೋಡುವ ಮೊದಲೇ ತೆಗೆದುಹಾಕಿ, ಆಮೇಲಲ್ಲ.

ಮರಿಗಳು ಬಾಲ ಎತ್ತುವುದು ಕಡಿಮೆ, ಅವು ಲೆಕ್ಕಕ್ಕೆ ಸಿಗುವುದಿಲ್ಲ. ಪ್ರವಾಸಿ ದೋಣಿಗಳು ಹೋಗುವಲ್ಲೇ ಚಿತ್ರಗಳ ರಾಶಿ. ಅದೇ ತಿಮಿಂಗಿಲಗಳು ಮತ್ತೆ ಮತ್ತೆ ಸಿಕ್ಕು ಅಂದಾಜು ತಗ್ಗುತ್ತದೆ. ಇದನ್ನು ಸರಿದೂಗಿಸುವ ಕೆಲಸ ತಾಣದ್ದಲ್ಲ, ನಿಮ್ಮದು.

ಆದರೂ ಇದೇ ದತ್ತಾಂಶದಿಂದ ಉತ್ತರ ಪೆಸಿಫಿಕ್‌ನ ಹಂಪ್‌ಬ್ಯಾಕ್‌ಗಳು 2012ರ ಸುಮಾರು 33,500ರಿಂದ 2021ಕ್ಕೆ 26,700ರ ಆಸುಪಾಸಿಗೆ ಇಳಿದದ್ದು ಗೊತ್ತಾಯಿತು. ನಮ್ಮ ಅರಬ್ಬಿ ಸಮುದ್ರದಲ್ಲಿ ಒಮಾನ್ ಕರಾವಳಿಯ ಫೋಟೊ ಅಂದಾಜು ಬರೀ 82. ಅಷ್ಟು ಚಿಕ್ಕ ಗುಂಪಿಗೆ ಒಂದೊಂದು ಹೊಂದಿಕೆಯನ್ನೂ ಕಣ್ಣಾರೆ ಪರೀಕ್ಷಿಸಿಯೇ ಒಪ್ಪಿಕೊಳ್ಳಿ.