ಲೆಟ್ರೋಜೋಲ್ ತಂದ ಕೀಲುನೋವಿಗೆ ಸೂಜಿ ಚಿಕಿತ್ಸೆ: ಚೈನಾಟೌನ್ ಕ್ಲಿನಿಕ್ಕಿನಲ್ಲಿ ಆರು ವಾರ

ಬೆಳಗ್ಗೆ ಎದ್ದರೆ ಕುಕ್ಕರ್ ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ. ಬೆರಳು ಮಡಚಿದರೆ ಪ್ರಾಣ ಹೋದ ಹಾಗೆ. ಸ್ತನ ಕ್ಯಾನ್ಸರ್ ಆಪರೇಷನ್, ರೇಡಿಯೇಷನ್ ಎಲ್ಲಾ ಮುಗಿದು, ಲೆಟ್ರೋಜೋಲ್ ಮಾತ್ರೆ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಇನ್ನೂ ವರ್ಷಗಟ್ಟಲೆ ನುಂಗಬೇಕು. ಈ ಮಾತ್ರೆಯ ಕೀಲುನೋವಿಗೆ ಅಕ್ಯುಪಂಕ್ಚರ್ ಮಾಡಿ ನೋಡಬಹುದು ಅಂತ ಸಿಂಗಪುರದ ನನ್ನ ಕ್ಯಾನ್ಸರ್ ಡಾಕ್ಟರೇ ಹೇಳಿದರು. 226 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2018ರಲ್ಲಿ ಬಂದಿದೆ, ನೋವು ಸ್ವಲ್ಪ ಇಳಿಯುತ್ತದೆ, ಜಾಸ್ತಿ ಆಸೆ ಬೇಡ ಅಂದರು.

ಮೊದಲು ಹೋಗಿದ್ದು ಒಂದು ಗಿಡಮೂಲಿಕೆ ಅಂಗಡಿಗೆ. ಅಲ್ಲಿದ್ದವರು "ಆ ಮಾತ್ರೆ ವಿಷ, ಬಿಟ್ಟುಬಿಡಿ, ಈ ಪುಡಿ ಕುಡಿಯಿರಿ" ಅಂದರು. ಕೈಕಾಲು ನಡುಗಿತು. ಭಯದಲ್ಲಿರೋ ರೋಗಿಗೆ ಹೀಗೆ ಹೇಳಬಾರದು, ಖಂಡಿತ ಹೇಳಬಾರದು.

ಆಮೇಲೆ ಸಿಕ್ಕಿದ್ದು ಈ ಕ್ಲಿನಿಕ್. ಇಲ್ಲಿನ ವೈದ್ಯೆ ಸಿಂಗಪುರದ ಚೀನೀ ವೈದ್ಯರ ಮಂಡಳಿಯಲ್ಲಿ ನೋಂದಣಿ ಆದವರು. ಮೊದಲ ಪ್ರಶ್ನೆಯೇ "ಯಾವ ಕಡೆ ಆಪರೇಷನ್?" ಎಡಗಡೆ ಅಂದೆ. ಕೊನೆಯವರೆಗೂ ಎಡಗೈಗೆ ಒಂದು ಸೂಜಿಯನ್ನೂ ಹಾಕಲಿಲ್ಲ. ಆ ಕೈ ಊದುವ ಭಯ ಇರುತ್ತದಲ್ವಾ. ಪ್ಲೇಟ್‌ಲೆಟ್ ಎಷ್ಟಿದೆ ಅಂತ ರಿಪೋರ್ಟ್ ಕೇಳಿ ನೋಡಿದರು. ಆಮೇಲೆ ನಾಲಿಗೆ ನೋಡಿದರು, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಹಿಡಿದರು. ಮೆಲ್ಲಗೆ ಒಮ್ಮೆ, ಒತ್ತಿ ಒಮ್ಮೆ. ನಮ್ಮೂರ ಪಂಡಿತರ ನೆನಪಾಯಿತು.

ನಿಮ್ಮ ಶಾಸ್ತ್ರದಲ್ಲಿ ಕ್ಯಾನ್ಸರ್ ಅಂದರೆ ಏನು ಅಂತ ಕೇಳಿದೆ. ಚೀಟಿಯ ಹಿಂದೆ ಒಂದು ಅಕ್ಷರ ಬರೆದು ತೋರಿಸಿದರು. ರೋಗದ ಗುರುತು, ಅದರೊಳಗೆ ಮೂರು ಬಾಯಿ, ಕೆಳಗೆ ಬೆಟ್ಟ. ಬಂಡೆಯಂಥ ಗಂಟು. ನಮ್ಮಲ್ಲಿ ಹಳಬರು ಏಡಿಗಂತಿ ಅಂದರು, ಇವರು ಬಂಡೆ ಅಂದರು. ಮೈಯ ಶಕ್ತಿ ಕುಂದಿದಾಗ ಚಿ, ಅಂದರೆ ಮೈಯೊಳಗೆ ಓಡಾಡುವ ಪ್ರಾಣಶಕ್ತಿ, ಹರಿಯದೆ ನಿಂತು, ರಕ್ತ ಮಡುಗಟ್ಟಿ, ಕಫ ಸೇರಿ ಗಂಟಾಗುತ್ತದೆ ಅನ್ನೋದು ಅವರ ಲೆಕ್ಕ. ನನ್ನ ಡಾಕ್ಟರ್ ಹೇಳಿದ್ದು ಬೇರೆ: ಜೀನ್ ಕೆಟ್ಟು, ಜೀವಕೋಶ ಹದ್ದುಮೀರಿ ಬೆಳೆಯಿತು, ನಿಮ್ಮದು ಈಸ್ಟ್ರೋಜನ್ ಅನ್ನೋ ಹಾರ್ಮೋನ್ ತಿಂದು ಬೆಳೆಯೋದು, ಅದಕ್ಕೇ ಈ ಮಾತ್ರೆ. ಈ ಎರಡನ್ನು ಒಂದೇ ಅಂತ ಹೇಳಲು ನನಗೆ ಮನಸ್ಸಿಲ್ಲ. ಗಡ್ಡೆಯ ವಿಷಯದಲ್ಲಿ ನಾನು ನಂಬೋದು ಬಯಾಪ್ಸಿಯನ್ನೇ. ವೈದ್ಯೆಯೂ "ಗಡ್ಡೆ ಅವರಿಗೆ ಬಿಡಿ, ನೋವು, ನಿದ್ದೆ ನಾನು ನೋಡ್ತೀನಿ" ಅಂದರು.

ಪಕ್ಕದ ಮನೆ ಆಂಟಿ ಪ್ರೀತಿಯಿಂದ ಡಾಂಗ್‌ಗ್ವಿ ಬೇರಿನ ಸೂಪ್ ತಂದುಕೊಡುತ್ತಿದ್ದರು, ಇಲ್ಲಿ ಬಾಣಂತಿಯರಿಗೆ ಕೊಡುವಂಥದ್ದು. ಹಾರ್ಮೋನ್ ಕ್ಯಾನ್ಸರ್ ಆದವರಿಗೆ ಬೇಡ ಅಂತ ವೈದ್ಯೆಯೇ ನಿಲ್ಲಿಸಿದರು. ಅವತ್ತೇ ನನಗೆ ಪೂರ್ತಿ ನಂಬಿಕೆ ಬಂತು. ಚೀನಾದ ಹಾರ್ಬಿನ್ ನಗರದ ಕಥೆಯನ್ನೂ ಅವರೇ ಹೇಳಿದ್ದು. ಅಲ್ಲಿ 1970ರ ದಶಕದಲ್ಲಿ ಹಳೆಯ ಪಾಷಾಣ (ಆರ್ಸೆನಿಕ್) ಮದ್ದನ್ನು ಜಾಂಗ್ ಟಿಂಗ್‌ಡಾಂಗ್ ಎಂಬ ವೈದ್ಯರು ಮತ್ತು ಜೊತೆಗಾರರು ಪರೀಕ್ಷೆ ಮಾಡಿ, ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಔಷಧಿ ಮಾಡಿದರು. 2000ದಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಳತೆ, ಪರೀಕ್ಷೆ ಆದ ಮೇಲೆ ಅಲ್ವಾ ಅದು ಮದ್ದಾಗಿದ್ದು.

ವಾರಕ್ಕೆ ಎರಡು ಸಲ, ಒಟ್ಟು 12 ಸಲ. ಸೂಜಿ ಕೂದಲಿನಷ್ಟು ಸಣ್ಣ, ಹೊಕ್ಕಾಗ ಜುಮ್ ಅನ್ನುತ್ತದೆ. ನಾಲ್ಕನೇ ವಾರ ಬಿಗಿತ ಸಡಿಲಾಯಿತು. ಪೂರ್ತಿ ಹೋಗಿಲ್ಲ. ಮೊದಲು ಮಧ್ಯಾಹ್ನದವರೆಗೂ ಇರುತ್ತಿದ್ದದ್ದು ಈಗ ಅರ್ಧ ಗಂಟೆಯಲ್ಲಿ ಬಿಡುತ್ತದೆ. ಲೆಟ್ರೋಜೋಲ್ ಒಂದು ದಿನವೂ ತಪ್ಪಿಸಿಲ್ಲ.

ಹೋಗೋದಾದರೆ ನೀವು ನುಂಗುವ ಮಾತ್ರೆಗಳ ಪಟ್ಟಿ, ಹೊಸ ಬ್ಲಡ್ ರಿಪೋರ್ಟ್ ಎರಡೂ ತೆಗೆದುಕೊಂಡು ಹೋಗಿ. ಶನಿವಾರ ಬೇಡ, ಒಂದೂವರೆ ಗಂಟೆ ಕಾಯಬೇಕಾಗುತ್ತದೆ.