ಕ್ಯಾಮ್ಲಿನ್ ಕಂಪಾಸ್ ಬಾಕ್ಸ್: ಮುಚ್ಚಳದ ಸದ್ದಿಗೇ ಅಣ್ಣ ನೆನಪಾದ

ಮಗಳು ಈಗ ಎಂಟನೇ ಕ್ಲಾಸು. ತಗಡಿನ ಡಬ್ಬಿಯೇ ಬೇಕು ಅಂತ ಹುಡುಕಿ ಕ್ಯಾಮ್ಲಿನ್ ತಂದೆ. 1931ರಿಂದ ಇರುವ ಕಂಪನಿ. ಮುಚ್ಚಳ ಟಪ್ ಅಂದಾಗ ಒಂದು ಕ್ಷಣ ಸುಮ್ನೆ ಕೂತುಬಿಟ್ಟೆ.

ನನಗೂ ಅಣ್ಣನಿಗೂ ಇದ್ದದ್ದು ಒಂದೇ ಬಾಕ್ಸ್. ಅವನು ಹತ್ತು, ನಾನು ಎಂಟು. ಅವನ ಗಣಿತದ ಪೀರಿಯಡ್ ಮುಗಿದ ಕೂಡಲೇ ನಮ್ಮ ಕ್ಲಾಸಿನ ಕಿಟಕಿ ಸರಳಿನ ನಡುವೆ ಡಬ್ಬಿ ತೂರಿಸಿ ಓಡುತ್ತಿದ್ದ. ಒಳಗೆ ನನಗೆಂದೇ ಪೆನ್ಸಿಲ್ ಚೂಪು ಮಾಡಿ ಇಟ್ಟಿರುತ್ತಿದ್ದ. ಒಂದು ದಿನವೂ ಮರೆತಿಲ್ಲ. ಮುಚ್ಚಳದ ಒಳಗೆ ಡಿವೈಡರ್ ಮೊನೆಯಿಂದ ಇಬ್ಬರ ಹೆಸರೂ ಕೆತ್ತಿದ್ದ, ನನ್ನದೇ ಮೊದಲು. ಅವನು ಹೋಗಿ ಮೂರು ವರ್ಷವಾಯಿತು.

ಈ ಬಾಕ್ಸಿನ ಕೈವಾರದ ತಿರುಪು ಬಿಗಿಯಾಗಿದೆ, ವೃತ್ತ ಎಳೆಯುವಾಗ ಕಾಲು ಅಗಲವಾಗುವುದಿಲ್ಲ. ಅದೇ ಮುಖ್ಯ ಅಲ್ವಾ? ಹೋದ ವರ್ಷ ಸಂತೆಯಲ್ಲಿ ತಂದ ಹೆಸರಿಲ್ಲದ ಬಾಕ್ಸಿನಲ್ಲಿ ವೃತ್ತದ ತುದಿಗಳು ಸೇರುತ್ತಲೇ ಇರಲಿಲ್ಲ. ಕೋನಮಾಪಕದ ಗೆರೆಗಳು ಸ್ಪಷ್ಟವಾಗಿವೆ. 45 ಡಿಗ್ರಿಯದ್ದು, 30-60ರದ್ದು ಎರಡೂ ಮೂಲೆಮಟ್ಟ ಇವೆ. ಧೈರ್ಯವಾಗಿ ಕೊಳ್ಳಿ.

"ಅಮ್ಮಾ, ನನ್ನ ಹೆಸರಿನ ಪಕ್ಕ ಮಾಮನ ಹೆಸರೂ ಬರೀಲಾ?" ಅಂದಳು ಮಗಳು. ಡಿವೈಡರ್ ತೆಗೆದು ಅವಳ ಕೈಗೆ ಕೊಟ್ಟೆ.