ಊಟದ ಕೋಣೆಯಲ್ಲಿ ಥೇಮ್ಸ್: ಕಾನ್ಸೆಪ್ಟ್ 2 ರೋಅರ್ಗ್ ಯಂತ್ರದ ಮೇಲೆ 346 ಕಿಲೋಮೀಟರ್

ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಲೆಂದು ಮೈ ದಣಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಎಷ್ಟು ಸಾಮಾನ್ಯವೆಂದರೆ, ನಮ್ಮ ಕಚೇರಿಯಲ್ಲಿ ತಿಂಗಳಿಗೊಬ್ಬರಾದರೂ ಮ್ಯಾರಥಾನ್ ಓಟಕ್ಕೋ ಸೈಕಲ್ ಯಾತ್ರೆಗೋ ದೇಣಿಗೆ ಕೇಳಿಕೊಂಡು ಬರುತ್ತಾರೆ. ವರ್ಷಗಟ್ಟಲೆ ಕೊಡುತ್ತಲೇ ಬಂದಿದ್ದ ನಾನು ಕಳೆದ ಸೆಪ್ಟೆಂಬರಿನಲ್ಲಿ ಕೇಳುವವರ ಸಾಲಿಗೆ ಸೇರಿದೆ. ನಾವಿರುವ ರೆಡಿಂಗ್ ಪಟ್ಟಣ ಥೇಮ್ಸ್ ನದಿಯ ದಂಡೆಯಲ್ಲಿದೆ. ನನ್ನ ಮಂಡಿ ಓಟಕ್ಕೆ ಒಪ್ಪುವುದಿಲ್ಲ, ನೀರಿನ ಮೇಲೆ ದೋಣಿ ನಡೆಸಲು ನನಗೆ ಬರುವುದಿಲ್ಲ. ಆದ್ದರಿಂದ ನದಿಯ ಪೂರ್ತಿ ಉದ್ದವಾದ 346 ಕಿಲೋಮೀಟರುಗಳನ್ನು ಮನೆಯ ಊಟದ ಕೋಣೆಯಲ್ಲೇ, ದೋಣಿಗೆ ಹುಟ್ಟು ಹಾಕುವಂತೆ ಎಳೆಯುವ ರೋಯಿಂಗ್ ಯಂತ್ರದ ಮೇಲೆ ಕುಳಿತು, ಒಂದೇ ತಿಂಗಳಲ್ಲಿ ಮುಗಿಸುತ್ತೇನೆಂದೂ, ಬಂದ ಹಣವನ್ನು ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಊರಿನ ಶುಶ್ರೂಷಾಲಯಕ್ಕೆ ಕೊಡುತ್ತೇನೆಂದೂ ಪರಿಚಿತರಿಗೆಲ್ಲ ಸಾರಿಬಿಟ್ಟೆ. ಅದಕ್ಕಾಗಿ ಕೊಂಡ ಯಂತ್ರದ ವಿಮರ್ಶೆ ಇದು.

ಕಾನ್ಸೆಪ್ಟ್ 2 ಅಮೆರಿಕದ ವರ್ಮಾಂಟ್ ರಾಜ್ಯದ ಸಂಸ್ಥೆ. ದೋಣಿಯ ಹುಟ್ಟುಗಳನ್ನು ತಯಾರಿಸುತ್ತಿದ್ದ ಇಬ್ಬರು ಸಹೋದರರು ಹಳೆಯ ಸೈಕಲ್ಲೊಂದನ್ನು ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಿ, ಅದರ ಚೈನನ್ನು ಎಳೆದು ನೋಡುತ್ತ ಕಂಡುಕೊಂಡ ಯುಕ್ತಿಯಿಂದ 1981ರಲ್ಲಿ ಇದರ ಮೊದಲ ಮಾದರಿ ಹುಟ್ಟಿತು. ಬಹುಕಾಲ 'ಮಾಡೆಲ್ ಡಿ' ಎಂದು ಹೆಸರಾಗಿದ್ದ ಯಂತ್ರವೇ 2021ರಿಂದ ರೋಅರ್ಗ್ ಎನಿಸಿಕೊಂಡಿದೆ. ಹೊಸದಕ್ಕೆ ಸಾವಿರ ಪೌಂಡಿನ ಆಸುಪಾಸು ಬೆಲೆಯಿರುವುದರಿಂದ ನಾನು ಬಳಸಿದ್ದನ್ನೇ ಕೊಂಡೆ. ತಲುಪಿಸಬೇಕಾಗಿದ್ದ ಸಾಗಣೆಯವರು ಎರಡು ಸಲ ತಪ್ಪು ಬೀದಿಗೆ ಹೋಗಿ ಮೂರನೆಯ ಸಲಕ್ಕೆ ನಮ್ಮ ಮನೆ ಕಂಡರು. ಯಂತ್ರ ಎಂಟು ಅಡಿ ಉದ್ದ, ಎರಡು ಅಡಿ ಅಗಲ, ಸುಮಾರು 26 ಕಿಲೋ ತೂಕವಿದೆ. ಇಲ್ಲಿನ ಇಕ್ಕಟ್ಟಾದ ಮನೆಗಳಿಗೆ ಎಂಟು ಅಡಿ ದೊಡ್ಡ ಮಾತೇ, ಆದರೆ ಯಾವ ಉಪಕರಣವೂ ಇಲ್ಲದೆ ಎರಡು ಭಾಗವಾಗಿ ಬಿಚ್ಚಿ ಮೂಲೆಯಲ್ಲಿ ನಿಲ್ಲಿಸಬಹುದಾದ್ದರಿಂದ ರಾತ್ರಿ ಊಟದ ಮೇಜು ತನ್ನ ಜಾಗಕ್ಕೆ ಮರಳುತ್ತಿತ್ತು.

ಈ ಯಂತ್ರವನ್ನೇ ಆರಿಸಲು ಮುಖ್ಯ ಕಾರಣ ಅದರ ಲೆಕ್ಕ. ನನ್ನ ದಾನಿಗಳಲ್ಲಿ ಹೆಚ್ಚಿನವರು ಕಿಲೋಮೀಟರಿಗೆ ಇಂತಿಷ್ಟೆಂದು ಮಾತು ಕೊಟ್ಟವರು. ಹಾಗಿರುವಾಗ ನಾನು ಅವರಿಗೆ ಅಳೆದುಕೊಡುವ ಸರಕು ಕಿಲೋಮೀಟರೇ, ಯಂತ್ರವೇ ತಕ್ಕಡಿ. ಹಿಂದೆ ಹೋಗುತ್ತಿದ್ದ ವ್ಯಾಯಾಮಶಾಲೆಯಲ್ಲಿದ್ದ ಬೇರೊಂದು ರೋಯಿಂಗ್ ಯಂತ್ರದಲ್ಲಿ ಗುಂಡಿ ತಿರುಗಿಸಿ ಹಗುರ ಮಾಡಿಕೊಂಡರೆ ಅಷ್ಟೇ ದೂರ ಅರ್ಧ ಬೆವರಿಗೆ ಸಿಗುತ್ತಿತ್ತು. ಅಂಥ ಮೀಟರನ್ನು ನಂಬಿ ಇನ್ನೊಬ್ಬರ ದುಡ್ಡು ಕೇಳುವುದು ನನಗೆ ಸರಿಕಾಣಲಿಲ್ಲ. ರೋಅರ್ಗ್‌ನಲ್ಲಿ ಚೈನ್ ಎಳೆದಾಗ ರೆಕ್ಕೆಗಳಿರುವ ಚಕ್ರವೊಂದು ಗಾಳಿಯನ್ನು ಸೀಳುತ್ತ ತಿರುಗುತ್ತದೆ, ಕೈ ಮುಂದೆ ಚಾಚಿ ಮರಳುವಷ್ಟರಲ್ಲಿ ನಿಧಾನಗೊಳ್ಳುತ್ತದೆ. ಎಷ್ಟು ಬೇಗ ನಿಧಾನಗೊಂಡಿತು ಎಂಬುದನ್ನು ಮಾನಿಟರು ಎಳೆತಕ್ಕೊಮ್ಮೆ ಅಳೆದು, ಆ ಹೊತ್ತಿಗೆ ಗಾಳಿಯ ತಡೆ ಎಷ್ಟಿದೆಯೆಂದು ಲೆಕ್ಕ ಹಾಕಿಕೊಂಡು, ಆಮೇಲೆ ನಮ್ಮ ಶ್ರಮವನ್ನು ಮೀಟರಿಗೆ ಪರಿವರ್ತಿಸುತ್ತದೆ. ಆದ್ದರಿಂದ ಜಾಲರಿಗೆ ಧೂಳು ಕಟ್ಟಿದ್ದರೂ, ಚಕ್ರದ ಪಕ್ಕದ ಸನ್ನೆಕೋಲನ್ನು 1ರಲ್ಲಿಟ್ಟರೂ 10ರಲ್ಲಿಟ್ಟರೂ ಲೆಕ್ಕದಲ್ಲಿ ಮೋಸವಾಗುವುದಿಲ್ಲ. ಆ ಸನ್ನೆ ಚಕ್ರಕ್ಕೆ ಬಿಡುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುತ್ತದೆಯೇ ಹೊರತು ಕಿಲೋಮೀಟರನ್ನು ಅಗ್ಗ ಮಾಡುವುದಿಲ್ಲ. ಸೈಕಲ್ಲಿನ ಗೇರಿನ ಹಾಗೆ ಎಂದು ತಿಳಿದರೆ ಸಾಕು. ಇದನ್ನರಿಯದೆ 10ರಲ್ಲಿಟ್ಟರೆ ಗಂಡಸುತನವೆಂದು ಮೂರು ದಿನ ಎಳೆದ ನಾನು ನಾಲ್ಕನೆಯ ಬೆಳಿಗ್ಗೆ ಸಾಕ್ಸ್ ಹಾಕಿಕೊಳ್ಳಲೂ ಬಗ್ಗಲಾರದೆ, ಸನ್ನೆಯನ್ನು 4ಕ್ಕೆ ಇಳಿಸಿ ಬುದ್ಧಿವಂತನಾದೆ.

ದೂರದ ಗುರಿ ಹಾಕಿಕೊಂಡವರು ತಿಳಿದಿರಬೇಕಾದ ಇನ್ನೊಂದು ಲೆಕ್ಕವಿದೆ. ಮಾನಿಟರು ವೇಗವನ್ನು 500 ಮೀಟರಿಗೆ ಎಷ್ಟು ಸಮಯವೆಂದು ತೋರಿಸುತ್ತದೆ. 500 ಮೀಟರಿಗೆ ಎರಡೂವರೆ ನಿಮಿಷದಂತೆ ಸಾಗಲು ಸುಮಾರು 104 ವ್ಯಾಟ್ ಬೇಕು. ಅದನ್ನೇ ಎರಡು ನಿಮಿಷಕ್ಕೆ ಇಳಿಸಲು ಸುಮಾರು 203 ವ್ಯಾಟ್ ಬೇಕು. ನೀರಿನ ಮೇಲಿನ ದೋಣಿಯಂತೆ ಇಲ್ಲಿಯೂ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ 12 ಕಿಲೋಮೀಟರನ್ನು 60 ನಿಮಿಷದ ಬದಲು 48 ನಿಮಿಷದಲ್ಲಿ ಮುಗಿಸಬೇಕಾದರೆ ಸರಿಸುಮಾರು ಇಮ್ಮಡಿ ಬಲ ಹಾಕಬೇಕು. ಉಳಿಯುವ 12 ನಿಮಿಷಕ್ಕೆ ಅದು ದುಬಾರಿ ಎನಿಸಿ, ನಿಮಿಷಕ್ಕೆ 20 ಎಳೆತ, ಎಳೆತಕ್ಕೆ 10 ಮೀಟರ್, ದಿನಕ್ಕೆ ಒಂದು ಗಂಟೆ ಎಂದು ನಿಗದಿ ಮಾಡಿಕೊಂಡೆ. 28 ದಿನ 12 ಕಿಲೋಮೀಟರಿನಂತೆ ಸಾಗಿ, ಕೊನೆಯ ದಿನ 10 ಕಿಲೋಮೀಟರಿಗೆ ಗುರಿ ಮುಟ್ಟಿತು. ನಡುವೆ ಒಂದು ದಿನ ಜ್ವರ.

ಒಂದು ಗಂಟೆಯ ಕೂರಿಕೆ ಸುಲಭವೆಂದು ಯಾರೂ ಭಾವಿಸಬಾರದು. ನಲವತ್ತನೆಯ ನಿಮಿಷದ ಹೊತ್ತಿಗೆ ಕುಳಿತ ಭಾಗ ಜೋಮು ಹಿಡಿಯುತ್ತಿತ್ತು. ಮಡಿಚಿದ ಟವೆಲೊಂದನ್ನು ಹಾಸಿಕೊಂಡೆ, ಪ್ರತಿ ಮೂರು ಕಿಲೋಮೀಟರಿಗೊಮ್ಮೆ ಎದ್ದು ನಿಂತೆ. ಉಂಗುರದ ಬೆರಳಿನ ಬುಡದಲ್ಲಿ ಮೊದಲ ವಾರ ಬೊಬ್ಬೆ ಎದ್ದು ಒಡೆಯಿತು, ಮೂರನೆಯ ವಾರಕ್ಕೆ ಅಲ್ಲಿ ಜಡ್ಡುಗಟ್ಟಿತು. ಕುರ್ಚಿಯ ಎತ್ತರ ಬೇಕೆನ್ನುವ ವಯಸ್ಸಾದವರಿಗೆ ನೆಲದಿಂದ 36 ಸೆಂಟಿಮೀಟರ್ ಎತ್ತರದ ಈ ಪೀಠಕ್ಕಿಂತ, 51 ಸೆಂಟಿಮೀಟರ್ ಎತ್ತರದ ಉದ್ದಕಾಲಿನ ಮಾದರಿಯೇ ವಾಸಿ. ಗಾಳಿಯಿಂದ ನಡೆಯುವ ಯಂತ್ರವಾದ್ದರಿಂದ ಎಳೆತಕ್ಕೊಮ್ಮೆ ಭೋರೆನ್ನುವ ಸದ್ದು ಇದ್ದೇ ಇರುತ್ತದೆ. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಬೆಳಗಿನ ಐದು ಗಂಟೆ ಇದಕ್ಕೆ ಹೇಳಿಮಾಡಿಸಿದ ಹೊತ್ತಲ್ಲ. ಸಂಜೆ ಅಮ್ಮ ತೀರ್ಥಹಳ್ಳಿಯಿಂದ ವಿಡಿಯೋ ಕರೆ ಮಾಡಿದಾಗ ನಿಲ್ಲಿಸದೆ ಎಳೆಯುತ್ತಲೇ ಮಾತಾಡಿದೆ. ತುಂಗೆಯ ದಂಡೆಯಲ್ಲಿ ಬೆಳೆದವರು ಅವರು. ಸ್ವಲ್ಪ ಹೊತ್ತು ನೋಡಿ, "ಆಗಿಂದ ಹುಟ್ಟು ಹಾಕ್ತಾನೇ ಇದೀಯ, ಆ ಗೋಡೆ ಕ್ಯಾಲೆಂಡರ್ ಮಾತ್ರ ಅಲ್ಲೇ ಇದೆಯಲ್ಲೋ ಮಗ" ಎಂದರು.

ಹಣದ ವಿಷಯ. ಪ್ರತಿದಿನದ ದೂರ ಫೋನಿನ ಮೂಲಕ ಸಂಸ್ಥೆಯ ಆನ್‌ಲೈನ್ ದಾಖಲೆ ಪುಸ್ತಕಕ್ಕೆ ತಾನಾಗಿಯೇ ಸೇರುತ್ತಿದ್ದುದರಿಂದ ದಾನಿಗಳಿಗೆ ಅದರ ಕೊಂಡಿ ಕಳಿಸಿ ಸುಮ್ಮನಾಗುತ್ತಿದ್ದೆ, ಪುರಾವೆ ಕೇಳುವ ಮುಜುಗರ ಯಾರಿಗೂ ಬರಲಿಲ್ಲ. ಕಿಲೋಮೀಟರಿಗೆ 10 ಪೆನ್ನಿ ಎಂದವರ ಪಾಲು 34.60 ಪೌಂಡ್. ಇಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಗೆರೆಗೆ ಗುರುತು ಹಾಕಿದರೆ ಪೌಂಡಿಗೆ 25 ಪೆನ್ನಿಯಂತೆ ಸರ್ಕಾರ ಸೇರಿಸುವುದರಿಂದ ಅದು 43.25 ಪೌಂಡ್ ಆಗುತ್ತದೆ. ನಾವು ಬಳಸಿದ ದೇಣಿಗೆ ತಾಣವೊಂದು ಮಾತ್ರ, ತನಗಾಗಿ ಭಕ್ಷೀಸನ್ನು ಮೊದಲೇ ಸೇರಿಸಿಟ್ಟು, ಅದನ್ನು ಸೊನ್ನೆಗೆ ಇಳಿಸುವ ದಾರಿಯನ್ನು ಕಣ್ಣಿಗೆ ಬೀಳದಂತೆ ಇಟ್ಟಿತ್ತು. ಕನ್ನಡ ಸಂಘದ ಹಿರಿಯರೊಬ್ಬರು ಗೊತ್ತಿಲ್ಲದೆ ಅದನ್ನೂ ಕಟ್ಟಿ, ಆಮೇಲೆ ನನಗೆ ಫೋನ್ ಮಾಡಿ ವಿಚಾರಿಸಿದಾಗ ನಾಚಿಕೆಯಾಯಿತು. ನಕ್ಷೆಯಲ್ಲಿ ನಾನು ಲಂಡನ್ನಿನ ಲ್ಯಾಂಬೆತ್ ದಾಟಿದ ದಿನ, 2015ರಲ್ಲಿ ಅಲ್ಲಿ ನದಿಯ ದಂಡೆಯ ಮೇಲೆ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಮುಂದೆ ಫೋಟೋ ಬೇಕೆಂದು ಅವರೇ ಹಟ ಹಿಡಿದರು. ಅಲ್ಲಿಗೆ ರೈಲಿನಲ್ಲಿ ಹೋಗಿಬಂದೆ. ಆ ಕಿಲೋಮೀಟರುಗಳನ್ನು ಲೆಕ್ಕಕ್ಕೆ ಸೇರಿಸಿಲ್ಲ.

ತಿಂಗಳಿಗೆ ಎರಡು ಸಲ ಮಾತ್ರ ಹತ್ತುವವರಿಗೆ ಇಷ್ಟು ಬೆಲೆ ಕೊಡುವ ಅಗತ್ಯವಿಲ್ಲ, ಹತ್ತಿರದ ವ್ಯಾಯಾಮಶಾಲೆಯಲ್ಲಿ ಇದೇ ಯಂತ್ರ ಸಿಗುವ ಸಂಭವ ಹೆಚ್ಚು. ದೂರದ ಗುರಿ ಇರುವವರು ಮತ್ತು ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸಬೇಕಾದವರು ಧೈರ್ಯವಾಗಿ ಕೊಳ್ಳಬಹುದು. ದಿನವೂ ಪೀಠ ಜಾರುವ ಕಂಬಿಯನ್ನು ಒರೆಸಬೇಕು, ಬಟ್ಟೆಗೆ ಕಾಡಿಗೆಯಂಥ ಕಪ್ಪು ಅಂಟುತ್ತದೆ. ಐವತ್ತು ಗಂಟೆಯ ಬಳಕೆಗೊಮ್ಮೆ ಚೈನಿಗೆ ಎಣ್ಣೆ ಹಾಕಬೇಕು. ಯಂತ್ರ ಮನೆಗೆ ಬಂದ ದಿನ ನಾನು ಹಾಕಿದ್ದೆ. ಇಡೀ ಥೇಮ್ಸ್ ಮುಗಿದರೂ ಮುಂದಿನ ಎಣ್ಣೆಗೆ ಇನ್ನೂ 21 ಗಂಟೆ ಬಾಕಿ ಇದೆ.